ಹುಲಿಯಮ್ಮ ಮುಚ್ಚಿದ ತೂತು

ಹುಲಿಯಮ್ಮನ ಕಣ್ಣೆದುರು ಯಾರೂ ಏನನ್ನೂ ಎಸೆಯುವ ಹಾಗಿರಲಿಲ್ಲ. ಸೋರುವ ಕೊಡ, ಕಡ್ಡಿ ಮುರಿದ ಕೊಡೆ, ಹಿಡಿ ಬಿಟ್ಟ ಬಾಣಲೆ, ಹರಿದ ಗೋಣಿಚೀಲ, ಯಾವುದನ್ನು ಯಾರು ಬಿಸಾಡಿದರೂ ಅದು ಸಂಜೆಯೊಳಗೆ ಅವಳ ಜಗಲಿ ಸೇರುತ್ತಿತ್ತು. ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಯಾರದೋ ಮನೆಯಲ್ಲಿ ಕೆಲಸಕ್ಕೆ ನಿಂತಿರುತ್ತಿತ್ತು. ನಮ್ಮ ಎಸ್ಟೇಟಿನ ಆಳುಗಳ ಮನೆಸಾಲು, ಅಂದರೆ ಲೈನಿನಲ್ಲಿ ಆರು ಮನೆ, ಆರೂ ಮನೆಗೆ ಸೇರಿ ಒಂದು ಕಸದ ಗುಂಡಿ. ಆ ಗುಂಡಿಯಲ್ಲಿ ಬೂದಿ, ತರಗು, ಸಗಣಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ನಾನು ಹಾನುಬಾಳಿನ ಹತ್ತಿರದ ಆ ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ರೈಟರ್ ಆಗಿದ್ದವನು. ಆಳುಗಳ ಹಾಜರಿ ಹಾಕುವುದು, ಸ್ಟೋರಿನ ಬೀಗ ಇಟ್ಟುಕೊಳ್ಳುವುದು, ಧಣಿಗಳು ನನಗೆ ಬೈದದ್ದನ್ನು ಎರಡರಷ್ಟು ಮಾಡಿ ಆಳುಗಳಿಗೆ ದಾಟಿಸುವುದು, ಇಷ್ಟೇ ನನ್ನ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹುಲಿಯಮ್ಮ ನನಗಿಂತ ಹತ್ತು ವರ್ಷ ದೊಡ್ಡವಳು. ಆದರೂ ನಾನು ಅವಳನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಅವಳು ನನ್ನನ್ನು "ರೈಟ್ರೇ" ಎನ್ನುತ್ತಿದ್ದಳು. ಎಸ್ಟೇಟಿನಲ್ಲಿ ಎಲ್ಲ ಕಡೆ ಹಾಗೆಯೇ, ನನಗದು ತಪ್ಪೆಂದು ಅನ್ನಿಸಿರಲೂ ಇಲ್ಲ.

ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಚಂದ್ರಿಕಾಳನ್ನು ವನಗೂರಿಗೆ ಕೊಟ್ಟಿದ್ದಳು. ಒಂಟಿ ಹೆಂಗಸಿನ ಸಂಸಾರ ಎಷ್ಟಿದ್ದೀತು? ಆದರೆ ಆ ಪುಟ್ಟ ಮನೆಯಲ್ಲಿ ಒಂದು ತೊಟ್ಟು ನೀರೂ ದಂಡವಾಗುತ್ತಿರಲಿಲ್ಲ. ಅಕ್ಕಿ ತೊಳೆದ ನೀರು ದನಕ್ಕೆ, ಪಾತ್ರೆ ತೊಳೆದ ನೀರು ಬಸಳೆ ಚಪ್ಪರಕ್ಕೆ, ಮಿಂದ ನೀರು ಬಾಳೆ ಬುಡಕ್ಕೆ. ಪಾತ್ರೆಗೆ ಬೂದಿ, ತಲೆಗೆ ಸೀಗೆ, ಬಟ್ಟೆಗೆ ಅಂಟುವಾಳ. ಬಾಳ್ಳುಪೇಟೆಗೆ ಹೊರಟರೆ ಕಂಕುಳಲ್ಲಿ ಬಟ್ಟೆ ಚೀಲ. ಅಂಗಡಿಯವನು ಪ್ಲಾಸ್ಟಿಕ್ ಕವರಿಗೆ ಕೈ ಹಾಕಿದರೆ, "ಅದ್ನ ನಿನ್ ತಲೆಗ್ ಹಾಕ್ಕೋ ಮಾರಾಯ, ನಂಗೆ ಬ್ಯಾಡ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಜಿಪುಣಿ ಎಂದು ನಾವೆಲ್ಲ ನಗುತ್ತಿದ್ದೆವು. ನಕ್ಕವರೇ ನಮ್ಮ ನಮ್ಮ ತೂತು ಕೊಡ ತೆಗೆದುಕೊಂಡು ಅವಳ ಜಗಲಿಗೆ ಹೋಗುತ್ತಿದ್ದೆವು.

ರಿಪೇರಿಯಲ್ಲಿ ಅವಳ ಕೈ ಅಷ್ಟು ಚೊಕ್ಕ. ಮಣ್ಣಿನ ಮಡಕೆಗೆ ಹಲಸಿನ ಮೇಣ ಕಾಯಿಸಿ ತುಂಬುತ್ತಿದ್ದಳು. ತಗಡಿನ ಡಬ್ಬಕ್ಕೆ ಮೇಣದ ಜೊತೆ ಬಟ್ಟೆಯ ಚೂರು. ಪ್ಲಾಸ್ಟಿಕ್ಕಾದರೆ ಕೆಂಡದಲ್ಲಿ ಚೂರಿ ಕಾಯಿಸಿ, ಹಳೆ ಬಕೆಟ್ಟಿನ ತುಣುಕು ಕರಗಿಸಿ, ತೂತಿನ ಮೇಲೆ ಮೆತ್ತಿ ಸವರುತ್ತಿದ್ದಳು. ಬೆಸುಗೆ ಆರಿದ ಮೇಲೆ ಪಾತ್ರೆಗೆ ಒಂದು ರಾತ್ರಿ ಪೂರ್ತಿ ನೀರು ತುಂಬಿಟ್ಟು ನೋಡಬೇಕು. ಬೆಳಿಗ್ಗೆ ಕೆಳಗಿನ ನೆಲ ಒಣಗಿದ್ದರೆ ಮಾತ್ರ ಕೊಟ್ಟವರಿಗೆ ವಾಪಸ್ಸು. ಆ ನೀರನ್ನೂ ಚೆಲ್ಲುವಂತಿಲ್ಲ, ಗಿಡಕ್ಕೋ ಕೋಳಿಗೋ ಹೋಗಬೇಕು. ಈ ನಿಯಮ ಅವಳು ಯಾರಿಗೂ ಸಡಿಲಿಸುತ್ತಿರಲಿಲ್ಲ. ಒಮ್ಮೆ ಮಾತ್ರ ಸಡಿಲಿಸಿದಳು, ಮಗಳಿಗೆ.

ಅದು ತೊಂಬತ್ತೊಂಬತ್ತನೇ ಇಸವಿಯ ಮೇ ತಿಂಗಳ ಕೊನೆಯ ಭಾನುವಾರ.

ಬೆಳಿಗ್ಗೆ ಎಂಟೂವರೆ ಇರಬಹುದು. ನಾನು ತಿಂಡಿ ತಿನ್ನುತ್ತಿದ್ದೆ. ಲೈನಿನ ಕಡೆಯಿಂದ ಹೆಂಗಸರ ಕೂಗಾಟ ಕೇಳಿಸಿತು. ರಜೆಯ ದಿನವೂ ನೆಮ್ಮದಿ ಇಲ್ಲವಲ್ಲ ಎಂದು ಗೊಣಗುತ್ತಾ ಹೋದೆ. ಆಲೂರು ಕಡೆಯಿಂದ ಬಂದು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ರಾಮಮ್ಮ ತಲೆ ಮೇಲೆ ಕೈ ಹೊತ್ತು ನಿಂತಿದ್ದಳು. ಅವಳ ಮೂರು ಕೋಳಿ ನೀರಿಡುವ ಕಲ್ಲುಬಾನಿಯ ಸುತ್ತ ಸತ್ತು ಬಿದ್ದಿದ್ದವು.

"ಯಾರೋ ಕಣ್ಣಿಗಾಗ್ದೋರು ವಿಷ ಇಕ್ಕವ್ರೆ ಕಣ್ರೀ! ನೆನ್ನೆ ಸಂಜೆ ಗೂಡಿಗ್ ಹೋದಾಗ ಚೆನ್ನಾಗಿದ್ವು. ಬೆಳಿಗ್ಗೆ ನೀರ್ ಕುಡುದ್ವು, ಅಲ್ಲೇ ಸುತ್ತಾಡ್ಕಂಡು ಬಿದ್ ಹೋಗ್ಬುಟ್ವು!"

"ರೋಗ ಇರ್ಬೇಕು ಸುಮ್ನಿರೇ" ಎಂದಳು ಪಕ್ಕದ ಮನೆಯವಳು.

ನಾನು ನ್ಯಾಯ ಹೇಳಲು ಗಂಟಲು ಸರಿ ಮಾಡಿಕೊಂಡೆ. ಆಗ ಬಾನಿಯ ಪಕ್ಕದಲ್ಲಿ ಅದು ಕಾಣಿಸಿತು. ಬಿಳಿಯ ಪ್ಲಾಸ್ಟಿಕ್ ಕ್ಯಾನು, ಐದು ಲೀಟರಿನದು. ಬೂದಿ ಹಾಕಿ ಉಜ್ಜಿ ಉಜ್ಜಿ ಹೊಸದರ ಹಾಗೆ ಬೆಳ್ಳಗಾಗಿತ್ತು. ಮಗುಚಿ ನೋಡಿದೆ. ತಳದಲ್ಲಿ ನೀಲಿ ಬಣ್ಣದ ಒಂದು ಬೆಸುಗೆ, ಎಂಟಾಣೆಯ ಅಗಲ, ಅಂಚೂ ಕಾಣದಷ್ಟು ನುಣುಪು.



ಆ ತೂತು ಹೊಡೆದವನು ನಾನು. ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಹಚ್ಚುವ ಔಷಧಿ ಅದುವರೆಗೆ ತಗಡಿನ ಡಬ್ಬದಲ್ಲಿ ಬರುತ್ತಿತ್ತು, ಮೇಲೆ ತಲೆಬುರುಡೆಯ ಚಿತ್ರ. ಆ ಡಬ್ಬವನ್ನು ಲೈನಿನ ಯಾರೂ ಮುಟ್ಟುತ್ತಿರಲಿಲ್ಲ, ಹುಲಿಯಮ್ಮ ಸಹ. ಆ ವರ್ಷ ಮೊದಲ ಬಾರಿಗೆ ಬಿಳಿ ಕ್ಯಾನಿನಲ್ಲಿ ಬಂತು, ಅಡುಗೆ ಎಣ್ಣೆಯ ಕ್ಯಾನಿನದೇ ಅಚ್ಚು. ಮೇಲಿನ ಕಾಗದ ಎರಡು ಮಳೆಗೆ ಕಿತ್ತುಹೋಗುವಂಥದ್ದು. ಔಷಧಿಯನ್ನು ನಾನೇ ಸ್ಟೋರಿನಲ್ಲಿ ಬೆರೆಸಿ ಕೊಡುತ್ತಿದ್ದೆ, ಆ ಕ್ಯಾನನ್ನು ಆಳುಗಳು ನೋಡಿದವರಲ್ಲ. ಖಾಲಿಯಾದ ಕ್ಯಾನಿಗೆ ತೂತು ಹೊಡೆದು, ಆಳದ ಗುಂಡಿ ತೆಗೆದು ಹೂಳಬೇಕೆಂದು ಒಂದು ತರಬೇತಿಯಲ್ಲಿ ಹೇಳಿದ್ದರು. ನಾನು ಕಾಸಿದ ಸಲಾಕೆಯಿಂದ ಐದು ಕ್ಯಾನಿಗೆ ತೂತು ಹೊಡೆದೆ. ಗುಂಡಿ ತೋಡಿಸುವ ಬೇಸರಕ್ಕೆ ಸ್ಟೋರಿನ ಹಿಂದೆ ರಾಶಿ ಹಾಕಿದೆ. ಪುಸ್ತಕದಲ್ಲಿ ಮಾತ್ರ 'ಐದೂ ಹೂಳಲಾಗಿದೆ' ಎಂದು ಬರೆದು ಧಣಿಗಳ ಸಹಿ ಹಾಕಿಸಿಕೊಂಡೆ. ತೂತು ಯಾಕೆ ಎಂದು ಲೈನಿನಲ್ಲಿ ಒಬ್ಬರಿಗೂ ಹೇಳಲಿಲ್ಲ. ತೂತು ಬಿದ್ದ ಕ್ಯಾನನ್ನು ಯಾರು ತಾನೆ ಮುಟ್ಟುತ್ತಾರೆ ಎಂದುಕೊಂಡಿದ್ದೆ. ಹುಲಿಯಮ್ಮನಿರುವ ಲೈನಿನಲ್ಲಿ ಹಾಗೆಂದುಕೊಂಡ ಮೂರ್ಖ ನಾನೊಬ್ಬನೇ ಇರಬೇಕು. ಅವಳ ಪಾಲಿಗೆ ತೂತು ಎಂದರೆ ಮುಚ್ಚಬೇಕಾದದ್ದು, ಅಷ್ಟೇ.

"ಹುಲಿಯಮ್ಮ, ಇದು ನಿನ್ನ ಕೈಗೆ ಹೇಗೆ ಬಂತು?" ಎಂದು ಹೆಂಗಸರ ನಡುವೆ ನಿಂತಿದ್ದ ಅವಳನ್ನು ಕೇಳಿದೆ.

"ನಂಗೆ ರಾಮಮ್ಮ ಕೊಟ್ಳು, ಸ್ಟೋರ್ ಹಿಂದೆ ಬಿದ್ದಿತ್ತಂತೆ. ಯಾಕ್ ರೈಟ್ರೇ? ಎಷ್ಟ್ ಚೆಂದ ಕೂತೈತೆ ನೋಡಿ ಬೆಸ್ಗೆ. ರಾತ್ರಿ ಎಲ್ಲಾ ನೀರ್ ತುಂಬಿಟ್ಟಿದ್ದೆ, ಒಂದ್ ತೊಟ್ ಸೋರಿಲ್ಲ. ಬೆಳಿಗ್ಗೆ ಕೋಳಿಗ್ ಉಯ್ದೆ..."

ಕೋಳಿಗಳನ್ನು ನೋಡಿದಳು. ಬಾನಿ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

"ಔಷಧಿ ಕ್ಯಾನು. ಯಾರೂ ಬಳಸಬಾರದು ಅಂತ ನಾನೇ ತೂತು ಹೊಡೆದಿದ್ದೆ."

ರಾಮಮ್ಮ ತನ್ನ ಮಕ್ಕಳ ಹೆಸರು ಹಿಡಿದು ಕೂಗುತ್ತಾ ಒಳಗೆ ಓಡಿದಳು. ಅವರಿಬ್ಬರೂ ಚೆನ್ನಾಗಿದ್ದರು, ಆ ನೀರು ಅವರ ಮನೆಯೊಳಗೆ ಹೋಗಿರಲಿಲ್ಲ. ಹುಲಿಯಮ್ಮ ಮಾತ್ರ ನನ್ನ ಕಡೆಗೆ ಒಂದು ಹೆಜ್ಜೆ ಬಂದಳು.

"ರಾಮಮ್ಮ ಎರಡ್ ಕೊಟ್ಟಿದ್ಳು. ಇನ್ನೊಂದು ಚಂದ್ರಿ ತಗಂಡ್ ಹೋದ್ಳು ರೈಟ್ರೇ."

ಹಿಂದಿನ ದಿನ ಬಂದಿದ್ದ ಚಂದ್ರಿಕಾ ಸಂಜೆಯ ಬಸ್ಸಿಗೆ ವಾಪಸ್ಸು ಹೋಗಿದ್ದಳು. ಹೋಗುವ ಅವಸರದಲ್ಲಿ ಆಗ ತಾನೆ ಬೆಸುಗೆ ಆರಿದ್ದ ಕ್ಯಾನು ಕಣ್ಣಿಗೆ ಬಿತ್ತು. ರಾತ್ರಿ ನೀರು ತುಂಬಿಟ್ಟು ನೋಡಬೇಕು, ನಾಳೆ ಕೊಡುತ್ತೇನೆ ಎಂದಳಂತೆ ತಾಯಿ. ನಾನೇ ಮನೆಯಲ್ಲಿ ನೋಡಿಕೊಳ್ಳುತ್ತೇನೆ ಬಿಡವ್ವ ಎಂದು ಮಗಳು ಎತ್ತಿಕೊಂಡು ಹೊರಟಳಂತೆ. ಯಾಕೆಂದರೆ ಆ ಭಾನುವಾರ ವನಗೂರಿನ ಮನೆಯಲ್ಲಿ ಮುಯ್ಯಾಳು. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು, ಒಡೆದದ್ದು ತೆಗೆದು ಹೊಸದು ಹೊದಿಸಬೇಕು. ಅಕ್ಕಪಕ್ಕದ ಮನೆಗಳಿಂದ ಒಬ್ಬೊಬ್ಬರು ಬಂದು ದುಡಿಯುತ್ತಾರೆ. ಕೂಲಿ ಇಲ್ಲ, ನಾಳೆ ಅವರ ಮನೆಗೆ ಇವರು ಹೋಗಿ ದುಡಿದು ತೀರಿಸುತ್ತಾರೆ. ಬಂದವರಿಗೆ ಹನ್ನೊಂದು ಗಂಟೆಗೆ ಮಜ್ಜಿಗೆ, ಎರಡು ಗಂಟೆಗೆ ಊಟ.

"ಮಜ್ಜಿಗೆಗೆ ಅಂತಾನೆ ತಗಂಡ್ ಹೋದ್ಳು" ಎಂದಳು ಹುಲಿಯಮ್ಮ.

ನಾನು ಬಂಗಲೆಗೆ ಓಡಿದೆ. ವನಗೂರಿನ ಒಂದು ಅಂಗಡಿಯ ಫೋನ್ ನಂಬರು ನನ್ನಲ್ಲಿತ್ತು. ಎಷ್ಟು ಸಲ ತಿರುಗಿಸಿದರೂ ಆ ಕಡೆ ಸದ್ದಿಲ್ಲ. ಶುಕ್ರವಾರದ ಗಾಳಿಗೆ ಆ ಭಾಗದ ಕಂಬ ಬಿದ್ದಿವೆ ಎಂದು ಅಡುಗೆಯವನು ಹೇಳಿದ. ಧಣಿಗಳು ಜೀಪು ತೆಗೆದುಕೊಂಡು ಹಾಸನಕ್ಕೆ ಹೋಗಿದ್ದರು. ಉಳಿದದ್ದು ನನ್ನ ಹಳೆಯ ರಾಜದೂತ್ ಬೈಕು. ಹಾನುಬಾಳಿನಿಂದ ಸಕಲೇಶಪುರ, ಅಲ್ಲಿಂದ ಹೆತ್ತೂರಿನ ಮೇಲೆ ವನಗೂರು. ಆ ರಸ್ತೆಯಲ್ಲಿ ಎರಡು ಗಂಟೆಗಿಂತ ಕಡಿಮೆ ಎಂದು ಯಾರೂ ಹೇಳಲಾರರು. ಗಡಿಯಾರ ನೋಡಿದೆ, ಒಂಬತ್ತಾಗಲು ಐದು ನಿಮಿಷ.

ಹುಲಿಯಮ್ಮ ಆಗಲೇ ಬೈಕಿನ ಪಕ್ಕ ನಿಂತಿದ್ದಳು. ಜನ್ಮದಲ್ಲಿ ಬೈಕು ಹತ್ತಿದವಳಲ್ಲ. ಸೀರೆ ಎತ್ತಿ ಕಟ್ಟಿ, ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತಳು. ನನ್ನ ಅಂಗಿಯನ್ನು ಬೆನ್ನಿನ ಹತ್ತಿರ ಮುಷ್ಟಿಯಲ್ಲಿ ಹಿಡಿದಳು.

ಹಾನುಬಾಳು ದಾಟುವವರೆಗೂ ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕಿವಿಯ ಹತ್ತಿರ ಮೆಲ್ಲನೆ ಕೇಳಿದಳು.

"ತೂತು ಯಾಕೆ ಅಂತ ಒಂದ್ ಮಾತ್ ಹೇಳಿದ್ರೆ ನಾನ್ ಮುಚ್ತಿದ್ನಾ ರೈಟ್ರೇ?"

ಗೇರು ಬದಲಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಅವಳೇ ಮತ್ತೆ ಹೇಳಿದಳು, "ಬೆಸ್ಗೆ ಹಾಕುವಾಗ ಹೊಗೆ ಒಂಥರಾ ನಾತ ಬಂತು. ತಲೆ ಸುತ್ತು. ಬೆಳಿಗ್ಗಿಂದ ಉಂಡಿಲ್ವಲ್ಲ, ಅದ್ಕೆ ಅನ್ಕಂಡೆ. ಬಿಟ್ಟಾಕ್ಬೇಕಾಗಿತ್ತು. ಇಷ್ಟ್ ಒಳ್ಳೆ ಕ್ಯಾನ್ ಬಿಟ್ಟಾಕಾಕ್ ಮನ್ಸ್ ಬರ್ನಿಲ್ಲ."

ಸಕಲೇಶಪುರದಲ್ಲಿ ಹೆದ್ದಾರಿಗೆ ಬಂದರೆ ಲಾರಿಗಳ ಸಾಲು. ಮುಂದೆ ಎಲ್ಲೋ ಒಂದು ಅಡ್ಡ ನಿಂತುಬಿಟ್ಟಿದೆಯಂತೆ. ಚರಂಡಿಯ ಅಂಚಿನ ಮೇಲೆ ಬೈಕು ಹತ್ತಿಸಿದೆ. ಒಬ್ಬ ಲಾರಿಯವನು ಬಾಗಿಲು ತೆರೆದು ನನ್ನ ತಾಯಿಯನ್ನೆಲ್ಲ ನೆನೆದ. ಹುಲಿಯಮ್ಮ ಹಿಂದಿನಿಂದ, "ನಿನ್ ಕಾಲಿಗ್ ಬೀಳ್ತೀನಿ ಕಣಪ್ಪ, ದಾರಿ ಬುಡು" ಎಂದು ಕೂಗಿದಳು. ಅವನು ತಲೆ ಒಳಗೆ ಎಳೆದುಕೊಂಡ. ಆ ಪೇಟೆ ದಾಟಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಬೆನ್ನ ಮೇಲೆ ಅವಳ ಮುಷ್ಟಿ ಬಿಗಿಯಾಗುತ್ತಲೇ ಇತ್ತು.

ಹೆತ್ತೂರಿನ ಹತ್ತಿರ ಹತ್ತೂ ಮುಕ್ಕಾಲು. ಏರಿನಲ್ಲಿ ಇಬ್ಬರ ಭಾರಕ್ಕೆ ಬೈಕು ತಿಣುಕುತ್ತಿತ್ತು. ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಚಂದ್ರಿಕಾಳ ಮಗಳು ಗಗನಾ, ಐದು ವರ್ಷದವಳು, ನೆನಪಾಗುತ್ತಿದ್ದಳು, ನಿಜ. ಆದರೆ ಅವಳಿಗಿಂತ ಹೆಚ್ಚಾಗಿ 'ಹೂಳಲಾಗಿದೆ' ಎಂದು ಬರೆದ ಆ ಪುಟ ನೆನಪಾಗುತ್ತಿತ್ತು. ಧಣಿಗಳು ಕೇಳಿದರೆ ಏನು ಹೇಳಲಿ, ಯಾರೋ ಅಗೆದು ತೆಗೆದರು ಎನ್ನಲೇ, ನಾಯಿ ಕೆದಕಿತು ಎನ್ನಲೇ ಎಂದು ಸುಳ್ಳು ಹೆಣೆಯುತ್ತಿದ್ದೆ.

ವನಗೂರು ಮುಟ್ಟಿದಾಗ ಹನ್ನೊಂದೂ ಹತ್ತು.

ಅರ್ಧ ಹೆಂಚು ಇಳಿದ ಮನೆ ದೂರದಿಂದಲೇ ಕಂಡಿತು. ಮಾಡಿನ ಮೇಲೆ ಇದ್ದ ಗಂಡಸರು ಒಬ್ಬೊಬ್ಬರಾಗಿ ಏಣಿ ಇಳಿಯುತ್ತಿದ್ದರು. ಕೆಲವರು ಆಗಲೇ ಅಂಗಳದ ನೆರಳಿನಲ್ಲಿ ಕೂತಿದ್ದರು. ಜಗಲಿಯ ಮೇಲೆ ಲೋಟಗಳು, ಪಕ್ಕದಲ್ಲಿ ಆ ಬಿಳಿ ಕ್ಯಾನು. ಚಂದ್ರಿಕಾ ಅದನ್ನು ಎರಡೂ ಕೈಯಲ್ಲಿ ಎತ್ತಿ ಬಗ್ಗಿಸುತ್ತಿದ್ದಳು. ಗಗನಾ ಲೋಟ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು.

ಬೈಕು ನಿಲ್ಲುವ ಮೊದಲೇ ಹುಲಿಯಮ್ಮ ಹಾರಿದಳು. ಕಲ್ಲಿನ ಮೇಲೆ ಮಂಡಿಯೂರಿ ಬಿದ್ದಳು, ಎದ್ದಳು, ಕುಂಟುತ್ತಾ ಓಡಿದಳು. ಮೊಮ್ಮಗಳ ಕೈಯ ಲೋಟಕ್ಕೆ ಬಡಿದ ಹೊಡೆತಕ್ಕೆ ಅದು ಬಾಗಿಲ ತನಕ ಉರುಳಿತು. ಇನ್ನೊಂದು ಕೈಯಲ್ಲಿ ಕ್ಯಾನನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದಳು. ಮಜ್ಜಿಗೆ ಗಳಗಳನೆ ಮಣ್ಣಿಗೆ ಹರಿಯಿತು. ಮಗು ಕಿರುಚಿತು.

ಅಳಿಯ ಧರ್ಮ ಏಣಿಯ ಮೇಲಿಂದಲೇ ಜಿಗಿದು ಬಂದ. "ಅತ್ತೆ! ತಲೆ ಕೆಟ್ಟೈತಾ ನಿಮ್ಗೆ? ಬಂದೋರ್ ಮುಂದೆ ಮಜ್ಗೆ ಚೆಲ್ತೀರಲ್ಲ!"

"ಯಾರಾರ ಕುಡುದ್ರಾ? ಹೇಳ್ರಪ್ಪ, ಯಾರಾರ ಕುಡುದ್ರಾ?"

"ಏನಾಯ್ತವ್ವ?" ಎಂದಳು ಚಂದ್ರಿಕಾ.

"ವಿಷದ್ ಕ್ಯಾನ್ ಕಣೇ ಅದು. ಹುಳಕ್ಕಾಕೋ ಔಷ್ದಿ ಇತ್ತು ಅದ್ರಲ್ಲಿ. ನಂಗ್ ಗೊತ್ತಾಗ್ನಿಲ್ಲ. ತಪ್ಪ್ ನಂದು."

ಕೂತವರು ಎದ್ದು ನಿಂತರು. ಒಬ್ಬ ಮುದುಕ, "ಮುಯ್ಯಾಳಿಗೆ ಬಂದೋರಿಗೆ ವಿಷ ಇಕ್ಕೋ ಮನೆಯೇನಯ್ಯ ಇದು?" ಎಂದ. ಧರ್ಮನ ಮುಖ ಕಪ್ಪಿಟ್ಟಿತು. ಅವನು ತನ್ನ ಹೆಂಡತಿಯನ್ನು ನೋಡಿದ ನೋಟ ನನಗೆ ಕಾಣಿಸಿತು. ಹುಲಿಯಮ್ಮನಿಗೂ ಕಾಣಿಸಿತು. ನಾನು ಬಾಯಿ ತೆರೆಯಬೇಕಿದ್ದದ್ದು ಆಗಲೇ. ಆದರೆ ನಾನು ಬೈಕಿನ ಸ್ಟ್ಯಾಂಡು ಸರಿಯಾಗಿ ಕೂರಲಿಲ್ಲವೆಂಬಂತೆ ಬಗ್ಗಿ ಅದನ್ನು ಒದೆಯುತ್ತಾ ನಿಂತೆ.

"ನಾವ್ಯಾರೂ ಕುಡ್ದಿಲ್ಲ" ಎಂದರು ಕೆಲವರು. "ಈಗ ತಾನೆ ಬಗ್ಸೋಕ್ ಹಿಡ್ದಿದ್ಳು."

ಹುಲಿಯಮ್ಮ ಉಸಿರು ಬಿಟ್ಟಳು. ಆಗ ಚಂದ್ರಿಕಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಅತ್ತೆ ಕುಡುದ್ರು ಕಣವ್ವ. ಉಪ್ಪು ನೋಡ್ತೀನಿ ಅಂತ ಅರ್ಧ ಲೋಟ ಬಗ್ಸ್ಕಂಡ್ರು. ಶುಂಠಿ ಜಾಸ್ತಿ ಆಗೈತೆ ಅಂದ್ರು. ಆಮೇಲೆ ದನ ಬದ್ಲಿ ಕಟ್ತೀನಿ ಅಂತ ಕೊಟ್ಗೆ ಕಡೆ ಹೋದ್ರು."

ಧರ್ಮನ ತಾಯಿ ಸುಮಿತ್ರಮ್ಮ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದರು. ಮೈಯೆಲ್ಲ ಬೆವರು. ಬಾಯಲ್ಲಿ ಜೊಲ್ಲು ಇಳಿಯುತ್ತಿತ್ತು. ಸೆರಗಿನ ಮೇಲೆ ವಾಂತಿಯಾಗಿತ್ತು. ಕಣ್ಣು ತೆರೆದು, "ಬೀಗ್ತಿ ಯಾವಾಗ್ ಬಂದ್ರಿ? ತಲೆ ಸುತ್ತತೈತೆ" ಎಂದರು.

ಪಕ್ಕದ ಮನೆಯ ದೇವೀರಪ್ಪನ ಬಾಡಿಗೆ ಜೀಪು ಅಲ್ಲೇ ಇತ್ತು. ಅವನೂ ಮುಯ್ಯಾಳಿಗೆ ಬಂದವನೇ. ಕೈ ಕೂಡ ತೊಳೆಯದೆ ಜೀಪು ಹತ್ತಿದ. ಸುಮಿತ್ರಮ್ಮನ ತಲೆ ಹುಲಿಯಮ್ಮನ ತೊಡೆಯ ಮೇಲೆ. ಧರ್ಮ ಮುಂದೆ ಕೂತ. ನಾನು ಹಿಂದಿನ ಕಂಬಿ ಹಿಡಿದು ನಿಂತೆ. ಚಂದ್ರಿಕಾ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ಉಳಿದಳು. ಅತ್ತೆ ಬದುಕಿ ಬರದಿದ್ದರೆ ಆ ಬಾಗಿಲು ಅವಳಿಗೆ ಬಾಗಿಲಾಗಿ ಉಳಿಯುವುದಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು.

ಸಕಲೇಶಪುರದ ತನಕ ಹುಲಿಯಮ್ಮ ಒಂದೇ ಮಾತು ಆಡಿದಳು. "ನಿದ್ದೆ ಮಾಡ್ಬ್ಯಾಡಿ ಬೀಗ್ತಿ, ನನ್ ಮಾತಾಡ್ಸಿ." ಹತ್ತು ಸಲ, ಇಪ್ಪತ್ತು ಸಲ. ಮೊದಮೊದಲು ಸುಮಿತ್ರಮ್ಮ ಹೂಂ ಎನ್ನುತ್ತಿದ್ದರು. ಪೇಟೆ ಬರುವಾಗ ಅದೂ ನಿಂತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ಟಾರ್ಚು ಹಾಕಿ ನೋಡಿದರು. "ಯಾವ ಔಷಧಿ? ಹೆಸರು ಬೇಕು. ಬೇಗ."

"ನಂಗೊತ್ತಿಲ್ಲ ಸ್ವಾಮಿ" ಎಂದಳು ಹುಲಿಯಮ್ಮ. "ಬಿಳೀ ಕ್ಯಾನು."

"ಕ್ಯಾನಿನ ಬಣ್ಣ ಕಟ್ಟಿಕೊಂಡು ನಾನೇನಮ್ಮ ಮಾಡಲಿ? ಯಾರಿಗೆ ಗೊತ್ತು ಹೆಸರು?"

ನನಗೆ ಗೊತ್ತಿತ್ತು. ಆ ಹೆಸರನ್ನು ಸ್ಟೋರಿನ ಪುಸ್ತಕದಲ್ಲಿ ನಾನೇ ನನ್ನ ಕೈಯಾರೆ ಐದು ಸಲ ಬರೆದಿದ್ದೆ. ಹೇಳಿದರೆ, ನಿಮಗೆ ಹೇಗೆ ಗೊತ್ತು ಎನ್ನುತ್ತಾರೆ. ಆಮೇಲೆ ಕ್ಯಾನು ಹೊರಗೆ ಹೇಗೆ ಬಂತು ಎನ್ನುತ್ತಾರೆ. ಎದುರಿಗೆ ಧರ್ಮ ನಿಂತಿದ್ದ. ನನ್ನ ನಾಲಿಗೆ ಮೇಲೇಳಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ, ನಾಲ್ಕು ಉಸಿರು ಇರಬಹುದು. ಮಂಚದ ಮೇಲೆ ಒಂದು ಜೀವ ಎಳೆದೆಳೆದು ಉಸಿರಾಡುತ್ತಿದ್ದಾಗ ನಾಲ್ಕು ಉಸಿರು ಎಂದರೆ ಕಡಿಮೆಯಲ್ಲ.

ಹುಲಿಯಮ್ಮ ಬಂದು ನನ್ನ ಮಣಿಕಟ್ಟು ಹಿಡಿದಳು. ಮಂಡಿಯ ರಕ್ತ ಸೀರೆಗೆ ಅಂಟಿ ಒಣಗಿತ್ತು. ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು.

"ಹೆಸ್ರೊಂದ್ ಹೇಳ್ಬುಡಿ ರೈಟ್ರೇ. ಬಾಕಿ ಎಲ್ಲಾ ನನ್ ತಲೆ ಮ್ಯಾಲೇ ಇರ್ಲಿ. ನಾನೇ ಕದ್ದೆ ಅಂತ ಹೇಳ್ತೀನಿ."

ಅವಳು ಬೈದಿದ್ದರೆ ನಾನು ಇನ್ನೂ ಸುಳ್ಳು ಹುಡುಕುತ್ತಿದ್ದೆನೇನೋ. ಹೆಸರು ಹೇಳಿದೆ. ಹೇಳಿದ ಮೇಲೆ ಬಾಯಿ ಮುಚ್ಚಲಾಗಲಿಲ್ಲ. ಔಷಧಿ ಕ್ಯಾನಿಗೆ ತೂತು ಹೊಡೆದದ್ದು ನಾನು, ಹೂಳದೆ ಬಿಟ್ಟದ್ದು ನಾನು, ಹೂಳಿದೆ ಎಂದು ಬರೆದದ್ದೂ ನಾನು, ಇವಳಿಗೆ ಏನೂ ಗೊತ್ತಿರಲಿಲ್ಲ, ಇವಳ ಮಗಳಿಗೂ ಗೊತ್ತಿರಲಿಲ್ಲ ಎಂದು ಧರ್ಮನ ಮುಖ ನೋಡಿಕೊಂಡೇ ಹೇಳಿದೆ. ಡಾಕ್ಟರು ಅಷ್ಟರಲ್ಲಿ ನರ್ಸಿಗೆ ಇಂಜೆಕ್ಷನ್ ಹೇಳಿ ಒಳಗೆ ಹೋಗಿದ್ದರು. ಧರ್ಮ ನನ್ನ ಕೊರಳಪಟ್ಟಿ ಹಿಡಿದ. ಹುಲಿಯಮ್ಮನೇ ಬಿಡಿಸಿದಳು.

ಸಂಜೆಯ ತನಕ ಏನೂ ಹೇಳಲಾಗದು ಎಂದರು. ಸಂಜೆಯಾದ ಮೇಲೆ ನಾಳೆಯ ತನಕ ಎಂದರು. ಹುಲಿಯಮ್ಮ ಆಸ್ಪತ್ರೆಯ ಜಗಲಿಯಲ್ಲಿ ಕೂತಲ್ಲಿಂದ ಏಳಲಿಲ್ಲ, ನೀರೂ ಕುಡಿಯಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಸುಮಿತ್ರಮ್ಮ ಕಣ್ಣು ಬಿಟ್ಟು ಗಂಜಿ ಕೇಳಿದರು. ಆಗ ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಬಹಳ ಹೊತ್ತು ಅತ್ತಳು. ನಾನೂ ಅತ್ತೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅಷ್ಟು ತೊಳೆದ ಕ್ಯಾನಿನಲ್ಲಿ ವಿಷ ಎಲ್ಲಿ ಉಳಿದಿತ್ತು ಎಂದು ಆಮೇಲೆ ತಿಳಿಯಿತು. ಆ ಕ್ಯಾನಿನ ಹಿಡಿ ಒಳಗೆ ಟೊಳ್ಳು. ಬೂದಿ, ಮರಳು ಹಾಕಿ ಎಷ್ಟು ಕುಲುಕಿದರೂ ಅವು ಆ ಟೊಳ್ಳಿಗೆ ಹೋಗುವುದಿಲ್ಲ. ಕ್ಯಾನು ತುಂಬಿ ಬಗ್ಗಿಸಿದಾಗ ಅಲ್ಲಿ ಅಂಟಿದ್ದು ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ಚಂದ್ರಿಕಾ ಆ ರಾತ್ರಿ ತಾಯಿ ಹೇಳಿದಂತೆ ನೀರು ತುಂಬಿಟ್ಟು, ಬೆಳಿಗ್ಗೆ ಅದನ್ನು ಮಲ್ಲಿಗೆ ಬುಡಕ್ಕೆ ಸುರಿದಿದ್ದಳು. ಮಲ್ಲಿಗೆಗೆ ಏನೂ ಆಗಲಿಲ್ಲ. ಅದರಿಂದಲೇ ಅವಳಿಗೆ ಅನುಮಾನವೂ ಬರಲಿಲ್ಲ.

ಧಣಿಗಳು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಆಳುಗಳೆಲ್ಲರ ಎದುರು ಆ ಪುಟ ಓದಿಸಿದರು. ಗುಂಡಿ ನಾನೇ ತೋಡಿದೆ, ಆಳು ಕರೆಯಲಿಲ್ಲ. ನನ್ನ ಎದೆಯ ಆಳಕ್ಕೆ ಬಂದಾಗ ಹುಲಿಯಮ್ಮ ಕತ್ತಿ ಹಿಡಿದು ಬಂದಳು. ವನಗೂರಿನಿಂದ ತಂದದ್ದೂ ಸೇರಿ ಐದೂ ಕ್ಯಾನುಗಳನ್ನು ಮುಂದಿಟ್ಟುಕೊಂಡು ಕೊಚ್ಚತೊಡಗಿದಳು. ಹರಿದ ಗೋಣಿಯನ್ನೂ ಬಿಸಾಡದ ಹೆಂಗಸು, ಒಂದೊಂದು ಕ್ಯಾನನ್ನೂ ಅಂಗೈ ಅಗಲದ ಚೂರಾಗುವ ತನಕ ಕೊಚ್ಚಿದಳು. ತಾನು ಬೆಸುಗೆ ಹಾಕಿದ ತಳ ಕೈಗೆ ಬಂದಾಗ ಒಂದು ಕ್ಷಣ ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಅದನ್ನೂ ಕೊಚ್ಚಿದಳು.

"ಇಂಥದ್ನ ಯಾಕ್ ಮಾಡ್ತಾರೆ ರೈಟ್ರೇ? ತೊಳುದ್ರೂ ಹೋಗ್ದಂಥದ್ನ?"

"ಗೊತ್ತಿಲ್ಲ ಹುಲಿಯಮ್ಮ. ನೀವು ಬಿಡಿ, ನಾನು ಮುಚ್ಚುತ್ತೇನೆ" ಎಂದೆ. ನೀವು ಎಂದದ್ದು ಅವಳ ಗಮನಕ್ಕೆ ಬಂತೋ ಇಲ್ಲವೋ.

ಒಂದು ತಿಂಗಳು ಅವಳು ಏನನ್ನೂ ಮುಟ್ಟಲಿಲ್ಲ. ಜಗಲಿ ಬೋಳಾಗಿತ್ತು. ಲೈನಿನ ಗುಂಡಿಯಲ್ಲಿ ಮುರಿದ ಬಕೆಟ್ಟು, ಕವರು ಎಲ್ಲ ಬೀಳತೊಡಗಿದವು. ಜೂನ್ ಕಳೆದ ಮೇಲೆ ಒಂದು ಸಂಜೆ ರಾಮಮ್ಮ ಸೋರುವ ಕೊಡ ಹಿಡಿದು ಹೋಗಿ ಸುಮ್ಮನೆ ಮುಂದೆ ನಿಂತಳಂತೆ. ಹುಲಿಯಮ್ಮ ಬಹಳ ಹೊತ್ತು ಕೊಡವನ್ನೇ ನೋಡಿದಳು. ಕೈ ಚಾಚಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿದಳು.

"ಇದ್ರಲ್ಲಿ ಏನಿತ್ತು?"

ಅಂದಿನಿಂದ ಅದೇ ಅವಳ ಪದ್ಧತಿಯಾಯಿತು. ಏನನ್ನು ತಂದರೂ ಮೊದಲು ಅದರ ಪೂರ್ವೋತ್ತರ ಹೇಳಬೇಕು. ಮೊದಲು ಯಾವುದಕ್ಕೆ ಬಳಸಿದ್ದು, ಎಲ್ಲಿಂದ ಬಂತು, ಎಲ್ಲಿ ಬಿದ್ದಿತ್ತು. ಗೊತ್ತಿಲ್ಲ ಎಂದರೆ ವಾಪಸ್ಸು. ಬರಬರುತ್ತಾ ಲೈನಿನ ಹೆಂಗಸರೂ ಕೇಳತೊಡಗಿದರು. ಹಾನುಬಾಳಿನ ಅಂಗಡಿಯವನ ಹಳೆ ಡಬ್ಬ ಮುಟ್ಟುವ ಮೊದಲೂ ಕೇಳುತ್ತಿದ್ದರು. ಸುಮಿತ್ರಮ್ಮ ಮರುವರ್ಷ ಮುಯ್ಯಾಳಿನ ದಿನ ಬೀಗಿತ್ತಿಯನ್ನು ಕರೆಸಿಕೊಂಡು, ಮಣ್ಣಿನ ಹರವಿಯಲ್ಲಿ ಮಜ್ಜಿಗೆ ಮಾಡಿ, ಮೊದಲ ಲೋಟ ಅವಳ ಕೈಗೇ ಕೊಟ್ಟರಂತೆ. ಅಲ್ಲೂ ಇವಳು, ಈ ಹರವಿ ಎಲ್ಲಿಂದ ತಂದಿರಿ ಎಂದು ಕೇಳಿಯೇ ಕುಡಿದಳಂತೆ.

ನಾನು ಕೆಲಸ ಬಿಡುವ ತನಕ, ಇನ್ನೂ ಎಂಟು ಮಳೆಗಾಲ, ನನ್ನ ಕೊಡೆ ಅವಳ ಜಗಲಿಗೆ ಹೋಗುತ್ತಲೇ ಇತ್ತು. ಕಡ್ಡಿ ಮುರಿದ ಕೊಡೆ. ಅದರಲ್ಲಿ ಏನು ತಾನೆ ಇರಲು ಸಾಧ್ಯ? ಆದರೂ ನಲ್ಲಿಯ ಹತ್ತಿರ ನೀರಿಗೆ ನಿಂತ ಹೆಂಗಸರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಕೇಳುತ್ತಿದ್ದಳು.

"ಇದ್ರಲ್ಲಿ ಏನಿತ್ತು ರೈಟ್ರೇ?"

ಹೆಂಗಸರು ಮುಸಿಮುಸಿ ನಗುತ್ತಿದ್ದರು. ಹುಲಿಯಮ್ಮ ನಗುತ್ತಿರಲಿಲ್ಲ.

"ಏನೂ ಇರಲಿಲ್ಲ, ಹುಲಿಯಮ್ಮ."

"ನಿಜ ತಾನೆ?"

"ನಿಜ."

ಅಷ್ಟಾದ ಮೇಲೆಯೇ ಅವಳು ಕೈ ಚಾಚುತ್ತಿದ್ದಳು.